ಕೂಪರ್ಟಿನೋ–ಸನ್ನಿವೇಲ್ ಹೈಸ್ಕೂಲ್‌ಗಳಲ್ಲಿ ಓದಿ ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿರುವ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್‌ನ (ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಶಾಲೆಗಳಲ್ಲಿ ಓದಿ ಮುಗಿಸಿದವರು, ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ವಾಪಸಾದವರು ಮತ್ತು ಅವರ ಅಪ್ಪ-ಅಮ್ಮಂದಿರಿಗಾಗಿ ಈ ಪುಟ. ಶಾಲೆ ಬಿಟ್ಟವರ ದಾಖಲೆಗಳೆಲ್ಲ ಒಂದೇ ಕಪಾಟಿನಲ್ಲಿ ಇರುತ್ತವೆ ಅನ್ನುವುದು ಬಹಳ ಜನರ ನಂಬಿಕೆ. ಹಾಗಿಲ್ಲ. ಒಂದೊಂದು ಒಂದೊಂದು ಕಡೆ ಇರುತ್ತದೆ, ಕೆಲವು ಕೆಲವೇ ವರ್ಷಗಳಲ್ಲಿ ನಾಶವಾಗುತ್ತವೆ. ಯಾವುದನ್ನು ಯಾರ ಹತ್ತಿರ ಕೇಳಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಈ ಡಿಸ್ಟ್ರಿಕ್ಟ್‌ಗೆ ಯಾವ ಯಾವ ಶಾಲೆ ಸೇರುತ್ತವೆ?

ಐದು: ಸನ್ನಿವೇಲ್‌ನ ಫ್ರೀಮಾಂಟ್ ಹೈ, ಕೂಪರ್ಟಿನೋದ ಕೂಪರ್ಟಿನೋ ಹೈ, ಹೋಮ್‌ಸ್ಟೆಡ್ ಮತ್ತು ಮಾಂಟಾ ವಿಸ್ಟಾ, ಪಶ್ಚಿಮ ಸ್ಯಾನ್ ಹೋಸೆಯ ಲಿನ್‌ಬ್ರೂಕ್. ಇವುಗಳಲ್ಲಿ ಹಳೆಯದು 1923ರಲ್ಲಿ ಶುರುವಾದ ಫ್ರೀಮಾಂಟ್ ಹೈ. ಉಳಿದ ನಾಲ್ಕು 1950–60ರ ದಶಕಗಳಲ್ಲಿ, ಕಣಿವೆಯ ಹಣ್ಣಿನ ತೋಟಗಳು ಬಡಾವಣೆಗಳಾದ ಕಾಲದಲ್ಲಿ ಎದ್ದವು. ಆರನೆಯದೊಂದಿತ್ತು, ಸನ್ನಿವೇಲ್ ಹೈ. ಮಕ್ಕಳ ಸಂಖ್ಯೆ ಇಳಿದು 1981ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ ಈಗ ಒಂದು ಖಾಸಗಿ ಶಾಲೆ ನಡೆಯುತ್ತಿದೆ. ಅಲ್ಲಿ ಹೋಗಿ ಹಳೆಯ ಅಂಕಪಟ್ಟಿ ಕೇಳಿದರೆ ಸಿಗುವುದಿಲ್ಲ. ಮುಚ್ಚಿದ ಶಾಲೆಯ ವಿಚಾರಕ್ಕೆ ಡಿಸ್ಟ್ರಿಕ್ಟ್ ಕಚೇರಿಯನ್ನೇ ಕೇಳಬೇಕು.

ಫ್ರೀಮಾಂಟ್ ಅಂದರೆ ಫ್ರೀಮಾಂಟ್ ಊರೇ ಅಲ್ಲವೇ?

ಅಲ್ಲ. ಅರ್ಜಿಗಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದ ಫ್ರೀಮಾಂಟ್ ನಗರದಲ್ಲಿರುವುದು ಫ್ರೀಮಾಂಟ್ ಯೂನಿಫೈಡ್ ಸ್ಕೂಲ್ ಡಿಸ್ಟ್ರಿಕ್ಟ್. ಅದು ಅಲಮೀಡಾ ಕೌಂಟಿಯದು, ಸಂಪೂರ್ಣ ಬೇರೆ ಸಂಸ್ಥೆ. ಸಾಲದ್ದಕ್ಕೆ ಓಕ್‌ಲ್ಯಾಂಡ್‌ನಲ್ಲೂ ಲಾಸ್ ಏಂಜಲೀಸ್‌ನಲ್ಲೂ ‘ಫ್ರೀಮಾಂಟ್ ಹೈ’ ಎಂಬ ಶಾಲೆಗಳಿವೆ. ಹಿನ್ನೆಲೆ ಪರಿಶೀಲನೆಯ ಅರ್ಜಿ ತುಂಬುವಾಗ ‘ಫ್ರೀಮಾಂಟ್ ಹೈಸ್ಕೂಲ್, ಕ್ಯಾಲಿಫೋರ್ನಿಯಾ’ ಎಂದಷ್ಟೇ ಬರೆದರೆ ಪರಿಶೀಲಿಸುವವರು ತಪ್ಪು ಶಾಲೆಗೆ ಫೋನ್ ಮಾಡಿ ‘ಈ ಹೆಸರಿನವರು ಇಲ್ಲಿ ಓದಿಲ್ಲ’ ಎಂಬ ವರದಿ ಕೊಟ್ಟುಬಿಡುತ್ತಾರೆ. ‘ಸನ್ನಿವೇಲ್’ ಎಂಬ ಊರಿನ ಹೆಸರನ್ನೂ ಡಿಸ್ಟ್ರಿಕ್ಟ್‌ನ ಪೂರ್ಣ ಹೆಸರನ್ನೂ ಬರೆಯಿರಿ.

ಪ್ರೈಮರಿ, ಮಿಡಲ್ ಸ್ಕೂಲ್ ದಾಖಲೆಗಳೂ ಇಲ್ಲೇ ಸಿಗುತ್ತವೆಯೇ?

ಸಿಗುವುದಿಲ್ಲ. ‘ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್’ ನಡೆಸುವುದು 9ರಿಂದ 12ನೇ ತರಗತಿಗಳನ್ನು ಮಾತ್ರ. ಹಲವು ಪ್ರಾಥಮಿಕ ಡಿಸ್ಟ್ರಿಕ್ಟ್‌ಗಳು ಸೇರಿ ಹೈಸ್ಕೂಲ್‌ಗೆಂದು ಮಾಡಿಕೊಂಡ ಒಕ್ಕೂಟ ಅದು. ಎಂಟನೇ ತರಗತಿವರೆಗಿನ ದಾಖಲೆ ಕೂಪರ್ಟಿನೋ ಯೂನಿಯನ್ ಅಥವಾ ಸನ್ನಿವೇಲ್ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಇರುತ್ತದೆ. ನೀವು ಯಾವ ಮಿಡಲ್ ಸ್ಕೂಲ್‌ಗೆ ಹೋದಿರಿ ಎಂಬುದರ ಮೇಲೆ ಅದು ನಿರ್ಧಾರ.

ಶಾಲೆ ಬಿಟ್ಟ ಮೇಲೆ ನನ್ನ ಕಡತದಲ್ಲಿ ಏನು ಉಳಿಯುತ್ತದೆ? ಎಷ್ಟು ವರ್ಷ?

ಕ್ಯಾಲಿಫೋರ್ನಿಯಾದ ಶಿಕ್ಷಣ ನಿಯಮಾವಳಿ ವಿದ್ಯಾರ್ಥಿಯ ದಾಖಲೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮುಂದಿನ ಪ್ರಶ್ನೆಗಳಿಗೆಲ್ಲ ಇದೇ ಬುಡ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು ಕಡ್ಡಾಯ ಶಾಶ್ವತ ದಾಖಲೆ. ಕಾನೂನುಬದ್ಧ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ತಂದೆ-ತಾಯಿಯ ಹೆಸರು-ವಿಳಾಸ, ಪ್ರತಿ ವರ್ಷ ಸೇರಿದ-ಬಿಟ್ಟ ದಿನಾಂಕ, ಓದಿದ ವಿಷಯಗಳು, ಗ್ರೇಡ್ ಮತ್ತು ಕ್ರೆಡಿಟ್, ಲಸಿಕೆಯ ದೃಢೀಕರಣ, ಪದವಿ ಪಡೆದ (ಅಂದರೆ ಹೈಸ್ಕೂಲ್ ಮುಗಿಸಿದ) ದಿನಾಂಕ. ಇದನ್ನು ಯಾವತ್ತೂ ನಾಶ ಮಾಡುವಂತಿಲ್ಲ. 1958ರಲ್ಲಿ ಓದಿದವರದ್ದೂ ಮೈಕ್ರೋಫಿಲ್ಮ್‌ನಲ್ಲೋ ಸ್ಕ್ಯಾನ್ ರೂಪದಲ್ಲೋ ಇರಲೇಬೇಕು.

ಎರಡನೆಯದು ಮಧ್ಯಂತರ ದಾಖಲೆ. ವಿಶೇಷ ಶಿಕ್ಷಣದ ಪರೀಕ್ಷೆ-ವರದಿಗಳು, ಇಂಗ್ಲಿಷ್ ಕಲಿಕೆಯ ಕಾರ್ಯಕ್ರಮದ ಕಾಗದಗಳು, ಆರೋಗ್ಯದ ಟಿಪ್ಪಣಿಗಳು, ಪೋಷಕರ ಒಪ್ಪಿಗೆ-ನಿರ್ಬಂಧದ ಪತ್ರಗಳು. ವಿದ್ಯಾರ್ಥಿ ಡಿಸ್ಟ್ರಿಕ್ಟ್ ಬಿಟ್ಟ ಮೇಲೆ ಅಥವಾ ಇವುಗಳ ಉಪಯೋಗ ಮುಗಿಯಿತು ಎಂದಾದ ಮೇಲೆ ಮೂರು ಶಾಲಾವರ್ಷ ಕಳೆದರೆ ನಾಶ ಮಾಡಬಹುದು.

ಮೂರನೆಯದು ಐಚ್ಛಿಕ ದಾಖಲೆ: ಶಿಕ್ಷಕರ ಟಿಪ್ಪಣಿ, ಕೌನ್ಸೆಲರ್ ಬರೆದಿಟ್ಟದ್ದು, ಇಂಥವು. ಓದು ಮುಗಿಸಿದ ಅಥವಾ ಶಾಲೆ ಬಿಟ್ಟ ಆರೇ ತಿಂಗಳಿಗೆ ಇವನ್ನು ತೆಗೆದುಹಾಕಬಹುದು.

ಅಂದರೆ ಅಂಕಪಟ್ಟಿ ಮೂವತ್ತು ವರ್ಷ ಬಿಟ್ಟು ಕೇಳಿದರೂ ಸಿಗುತ್ತದೆ. ಮಿಕ್ಕಿದ್ದನ್ನು ಶಾಲೆ ಬಿಡುವ ಮುಂಚೆಯೇ ಕೈಗೆ ತೆಗೆದುಕೊಳ್ಳಬೇಕು. ಜೂನ್‌ನಲ್ಲಿ ಗೌನು-ಟೋಪಿ-ಫೋಟೋ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಏಪ್ರಿಲ್‌ನಲ್ಲೇ ಕೇಳಿಡುವುದು ಕ್ಷೇಮ.

ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತರಿಸುವುದು ಹೇಗೆ?

ನೀವು ಕೊನೆಗೆ ಓದಿದ ಶಾಲೆಯ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು. ಆಯಾ ಶಾಲೆಯ ವೆಬ್‌ಸೈಟ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್ ಅಥವಾ ರಿಜಿಸ್ಟ್ರಾರ್ ಎಂಬ ಪುಟದಿಂದಲೇ ಹೋಗಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಜಾಹೀರಾತುಗಳಲ್ಲಿ ಶಾಲೆಗೂ ತಮಗೂ ಸಂಬಂಧವಿಲ್ಲದ, ದುಡ್ಡು ಮಾತ್ರ ತೆಗೆದುಕೊಳ್ಳುವ ತಾಣಗಳೂ ಇರುತ್ತವೆ.

ಅರ್ಜಿಯಲ್ಲಿ ಬೇಕಾಗುವುದು: ಶಾಲೆಯಲ್ಲಿದ್ದಾಗಿನ ಹೆಸರು (ಮದುವೆಯ ನಂತರದ್ದಲ್ಲ), ಹುಟ್ಟಿದ ದಿನಾಂಕ, ಪದವಿ ಪಡೆದ ಅಥವಾ ಶಾಲೆ ಬಿಟ್ಟ ವರ್ಷ, ಯಾರಿಗೆ ಕಳಿಸಬೇಕು, ಸಹಿ, ಫೋಟೋ ಇರುವ ಗುರುತಿನ ಚೀಟಿಯ ಪ್ರತಿ. ಹುಟ್ಟಿದ ದಿನಾಂಕವನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ಬರೆಯಿರಿ. 05/08 ಅಂದರೆ ಅವರಿಗೆ ಮೇ 8. ನಮ್ಮವರು ಆಗಸ್ಟ್ 5 ಎಂದು ಬರೆದು, ‘ದಾಖಲೆ ಸಿಗಲಿಲ್ಲ’ ಎಂಬ ಉತ್ತರ ತರಿಸಿಕೊಳ್ಳುತ್ತಾರೆ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಗೊಂದಲವೇ ಇಲ್ಲ.

ಸಮಯದ ವಿಚಾರದಲ್ಲಿ ಎರಡು ತಪ್ಪು ಸಾಮಾನ್ಯ. ಜೂನ್ ಮೊದಲ ವಾರ ಪದವಿ ಪ್ರದಾನ ಮುಗಿದ ಮರುದಿನವೇ ಟ್ರಾನ್ಸ್‌ಕ್ರಿಪ್ಟ್ ಕಳಿಸಿಬಿಡುವುದು ಒಂದು. ಆಗ ಕೊನೆಯ ಸೆಮಿಸ್ಟರ್‌ನ ಗ್ರೇಡ್ ದಾಖಲಾಗಿರುವುದಿಲ್ಲ, ಪದವಿಯ ದಿನಾಂಕವೂ ಖಾಲಿ ಇರುತ್ತದೆ. ಅದನ್ನು ವಿಶ್ವವಿದ್ಯಾಲಯ ‘ಅಂತಿಮ’ ಎಂದು ಒಪ್ಪುವುದಿಲ್ಲ. ಇನ್ನೊಂದು, ಜುಲೈ ತಿಂಗಳಿಗೆ ಬಿಡುವುದು. ಬೇಸಿಗೆಯಲ್ಲಿ ಶಾಲಾ ಕಚೇರಿಗಳು ವಾರಗಟ್ಟಲೆ ಮುಚ್ಚಿರುತ್ತವೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ ಹೋಗಬೇಕು. ಹಾಗಾಗಿ ಗ್ರೇಡ್ ದಾಖಲಾದ ಮೇಲೆ, ಕಚೇರಿ ಮುಚ್ಚುವ ಮುಂಚೆ ಇರುವ ಆ ಸಣ್ಣ ಸಂದು ನಿಮ್ಮದು.

ಶುಲ್ಕ ಎಷ್ಟು?

ರಾಜ್ಯದ ಶಿಕ್ಷಣ ಸಂಹಿತೆಯ ಪ್ರಕಾರ ಹಳೆಯ ವಿದ್ಯಾರ್ಥಿಗೆ ಮೊದಲ ಎರಡು ಟ್ರಾನ್ಸ್‌ಕ್ರಿಪ್ಟ್‌ಗಳಿಗೆ, ಹಾಗೆಯೇ ಎರಡು ದೃಢೀಕರಣ ಪತ್ರಗಳಿಗೆ ಶುಲ್ಕ ಹಾಕುವಂತಿಲ್ಲ. ಆನ್‌ಲೈನ್ ಮಧ್ಯವರ್ತಿ ಕಂಪನಿಯ ಮೂಲಕ ತರಿಸಿದರೆ ಅದರ ಸೇವಾಶುಲ್ಕ ಬೇರೆ. ಅವಸರವಿಲ್ಲದಿದ್ದರೆ ಮೊದಲ ಎರಡನ್ನು ನೇರವಾಗಿ ಶಾಲೆಯಿಂದಲೇ ಕೇಳಿ.

ಮನೆಯಲ್ಲೇ ಒಂದು ಪ್ರತಿ ಇದೆ. ಅದನ್ನೇ ಕಳಿಸಬಹುದೇ?

ಮುಚ್ಚಿದ ಲಕೋಟೆ ಒಡೆದ ಕ್ಷಣಕ್ಕೆ ಅದು ‘ಅನಧಿಕೃತ’. ಪಿಡಿಎಫ್ ಆಗಿ ಬಂದದ್ದನ್ನು ನೀವು ಫಾರ್ವರ್ಡ್ ಮಾಡಿದರೂ ಅಷ್ಟೆ. ಒಳಗಿನ ಅಕ್ಷರ ಒಂದೂ ಬದಲಾಗದಿದ್ದರೂ, ಶಾಲೆಯಿಂದ ನೇರವಾಗಿ ಬಂದಿದೆಯೇ ಎನ್ನುವುದೊಂದೇ ಅವರು ನೋಡುವುದು. ಅದಕ್ಕೇ ಎರಡು ಪ್ರತಿ ಕೇಳಿ: ಒಂದು ಒಡೆದು ಸ್ಕ್ಯಾನ್ ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಲು, ಒಂದು ಮುಚ್ಚಿದ್ದು ಮುಚ್ಚಿದ ಹಾಗೇ ಬೀರುವಿಗೆ.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅಪ್ಪನಾಗಿ ನಾನೇ ಕೇಳಬಹುದಲ್ಲ?

18 ತುಂಬಿದರೆ ಅಥವಾ ಕಾಲೇಜಿಗೆ ಸೇರಿದರೆ ದಾಖಲೆಯ ಹಕ್ಕು ಮಕ್ಕಳದ್ದಾಗುತ್ತದೆ. 1974ರ ಫೆಡರಲ್ ಕಾನೂನು ಫೆರ್ಪಾ ಹೇಳುವುದು ಹಾಗೆ. ಫೀಸು ಕಟ್ಟಿದವರು ನಾವು ಎಂಬ ವಾದ ರಿಜಿಸ್ಟ್ರಾರ್ ಕಿಟಕಿಯಲ್ಲಿ ನಡೆಯುವುದಿಲ್ಲ. ಮಗಳಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಯಾವ ದಾಖಲೆ, ಯಾವ ಉದ್ದೇಶಕ್ಕೆ, ಯಾರ ಕೈಗೆ ಎಂಬ ಮೂರೂ ಸ್ಪಷ್ಟವಾಗಿರಬೇಕು. ಕೆಳಗೆ ಸಹಿ ಮತ್ತು ದಿನಾಂಕ, ಜೊತೆಗೆ ಅವಳ ಗುರುತಿನ ಚೀಟಿಯ ಪ್ರತಿ. ‘ನನ್ನ ಎಲ್ಲ ದಾಖಲೆ ಅಪ್ಪನಿಗೆ ಕೊಡಿ’ ಎಂಬ ಒಂದು ಸಾಲಿನ ಮೇಲ್ ಸಾಲದು.

ಡಿಪ್ಲೊಮಾ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಕಳೆದುಹೋಗಿದೆ.

ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದ್ದಕ್ಕೆ ನಿಜವಾದ ಸಾಕ್ಷಿ, ಪದವಿ ದಿನಾಂಕ ಇರುವ ಟ್ರಾನ್ಸ್‌ಕ್ರಿಪ್ಟ್. ಡಿಪ್ಲೊಮಾ ಗೋಡೆಗೆ ತೂಗುಹಾಕಲು. ಆದರೆ ಭಾರತದ ಕೆಲವು ಸಂಸ್ಥೆಗಳು ‘ಮೂಲ ಪ್ರಮಾಣಪತ್ರ’ ಎಂದು ಡಿಪ್ಲೊಮಾವನ್ನೇ ಕೇಳುವುದರಿಂದ, ವಾಪಸು ಬರುವ ಯೋಚನೆ ಇರುವವರು ಬದಲಿ ಪ್ರತಿಗೆ ಶಾಲೆಯಲ್ಲಿ ಅರ್ಜಿ ಹಾಕುವುದು ಒಳ್ಳೆಯದು. ಮುದ್ರಿಸಿ ಬರಲು ವಾರಗಳು ಹಿಡಿಯುತ್ತವೆ.

ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಏನು ಮಾಡುವುದು?

ಕನ್ನಡಿಗರಿಗೆ ಇದು ಮಾಮೂಲಿ ತೊಂದರೆ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನ ಹೆಸರೋ ಅಪ್ಪನ ಹೆಸರೋ ಇನಿಶಿಯಲ್ ಆಗಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಬಂದು ಕೂರುತ್ತದೆ, ಸ್ವಂತ ಹೆಸರು ಸರ್‌ನೇಮ್ ಆಗುತ್ತದೆ. ಶಾಲೆಗೆ ಸೇರಿಸುವಾಗ ಅಪ್ಪನ ಹೆಸರನ್ನು ಕೊನೆಗೆ ಸೇರಿಸಿ ಬರೆಸಿರುತ್ತಾರೆ. ಹೀಗೆ ಒಬ್ಬನೇ ಹುಡುಗನಿಗೆ ಮೂರು ಕಾಗದದಲ್ಲಿ ಮೂರು ಹೆಸರು.

ಹೆಸರು ಕಾನೂನುಬದ್ಧವಾಗಿ ಬದಲಾಗಿದ್ದರೆ ದಾರಿ ಸುಲಭ. 2020ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನಂತೆ, ಹಳೆಯ ವಿದ್ಯಾರ್ಥಿ ಸರ್ಕಾರಿ ದಾಖಲೆ ತೋರಿಸಿದರೆ (ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಕೋರ್ಟ್ ಆದೇಶ ಇಂಥವು) ಡಿಸ್ಟ್ರಿಕ್ಟ್ ಹೆಸರು ಅಥವಾ ಲಿಂಗವನ್ನು ದಾಖಲೆಯಲ್ಲಿ ಸರಿಪಡಿಸಿ, ಟ್ರಾನ್ಸ್‌ಕ್ರಿಪ್ಟ್, ಡಿಪ್ಲೊಮಾಗಳನ್ನು ಹೊಸ ಹೆಸರಿನಲ್ಲಿ ಮತ್ತೆ ಕೊಡಬೇಕು.

ಹೆಸರು ಬದಲಾಗಿಲ್ಲ, ಬರೆದ ಕ್ರಮ ಮಾತ್ರ ಬೇರೆ ಅಂತಿದ್ದರೆ, ಪಾಸ್‌ಪೋರ್ಟ್ ತೋರಿಸಿ ಅದರಲ್ಲಿದ್ದಂತೆಯೇ ಬರೆಯಲು ಕೇಳಿ. ಇದನ್ನು ಅಪಾಸ್ಟಿಲ್‌ಗೆ (ಕಾಗದ ಬೇರೆ ದೇಶದಲ್ಲಿ ನಡೆಯಲು ಬೇಕಾದ ಸರ್ಕಾರಿ ದೃಢೀಕರಣಕ್ಕೆ) ಕಳಿಸುವ ಮುಂಚೆ ಮಾಡಬೇಕು. ಆಮೇಲೆ ಮಾಡಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಡಿ ಆಂಜಾದಲ್ಲಿ ತೆಗೆದುಕೊಂಡ ಕೋರ್ಸ್‌ಗಳು ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್‌ನಲ್ಲೇ ಬರುತ್ತವಲ್ಲ?

ಬಂದರೂ ಅಷ್ಟು ಸಾಲದು. ಕೂಪರ್ಟಿನೋದ ಡಿ ಆಂಜಾ ಕಾಲೇಜು ಫುಟ್‌ಹಿಲ್–ಡಿ ಆಂಜಾ ಎಂಬ ಬೇರೆ ಡಿಸ್ಟ್ರಿಕ್ಟ್‌ನದು, ಅದಕ್ಕೆ ತನ್ನದೇ ಟ್ರಾನ್ಸ್‌ಕ್ರಿಪ್ಟ್ ಇದೆ. ಹೈಸ್ಕೂಲ್‌ನಲ್ಲಿದ್ದಾಗ ಬೇಸಿಗೆಯಲ್ಲಿ ಒಂದೇ ಒಂದು ಕೋರ್ಸ್ ಮಾಡಿದ್ದರೂ, ಅದರಲ್ಲಿ ಸಿ ಬಂದಿದ್ದರೂ, ನಡುವೆ ಬಿಟ್ಟಿದ್ದರೂ ಆ ಕಾಗದ ವಿಶ್ವವಿದ್ಯಾಲಯಕ್ಕೆ ಹೋಗಲೇಬೇಕು. ಮುಚ್ಚಿಟ್ಟರೆ ಕೊಟ್ಟ ಸೀಟನ್ನು ವಾಪಸು ತೆಗೆದುಕೊಳ್ಳುವ ಹಕ್ಕು ಅವರಿಗಿದೆ. ಡಿ ಆಂಜಾ ನಡೆಯುವುದು ಕ್ವಾರ್ಟರ್ ಪದ್ಧತಿಯಲ್ಲಿ, ಹೈಸ್ಕೂಲ್ ಸೆಮಿಸ್ಟರ್‌ನಲ್ಲಿ. ಕ್ರೆಡಿಟ್ ಸಂಖ್ಯೆ ತಾಳೆಯಾಗದಿದ್ದರೆ ಗಾಬರಿ ಬೇಡ.

ಎಪಿ, ಎಸ್‌ಎಟಿ ಅಂಕ?

ಶಾಲೆಯಲ್ಲಿಲ್ಲ. ಈ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್‌ನಿಂದಲೇ ತರಿಸಬೇಕು. ಶಾಲೆಯ ಮೇಲ್ ವಿಳಾಸದಲ್ಲಿ ಕಾಲೇಜ್ ಬೋರ್ಡ್ ಖಾತೆ ತೆರೆದಿದ್ದರೆ, ಆ ಮೇಲ್ ಮುಚ್ಚುವ ಮುಂಚೆ ಸ್ವಂತ ವಿಳಾಸಕ್ಕೆ ಬದಲಾಯಿಸಿ.

ಭಾರತದಲ್ಲಿ ಬಳಸಲು ಅಪಾಸ್ಟಿಲ್ ಬೇಕಂತೆ. ಹೇಗೆ ಮಾಡಿಸುವುದು?

ಭಾರತ ಮತ್ತು ಅಮೆರಿಕ ಎರಡೂ ಹೇಗ್ ಅಪಾಸ್ಟಿಲ್ ಒಪ್ಪಂದದಲ್ಲಿವೆ (ಭಾರತ 2005ರಿಂದ). ಹಾಗಾಗಿ ಕ್ಯಾಲಿಫೋರ್ನಿಯಾದ ಕಾಗದಕ್ಕೆ ಕ್ಯಾಲಿಫೋರ್ನಿಯಾದಲ್ಲೇ ಅಪಾಸ್ಟಿಲ್ ಆಗಬೇಕು. ಬೆಂಗಳೂರಿನಲ್ಲಿ ‘ನಾವೇ ಮಾಡಿಸಿಕೊಡುತ್ತೇವೆ’ ಎನ್ನುವ ಏಜೆಂಟರು ಮಾಡುವುದೂ ಇಷ್ಟೇ: ಕಾಗದವನ್ನು ಅಲ್ಲಿಗೆ ಕಳಿಸಿ ತರಿಸುವುದು. ಊರಿಗೆ ಹೊರಡುವ ಮುಂಚೆ ಮಾಡಿಸಿಕೊಂಡರೆ ಖರ್ಚು ಬಹಳ ಕಡಿಮೆ.

ಅಪಾಸ್ಟಿಲ್ ಕೊಡುವುದು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಆ ಕಚೇರಿ ನಿಮ್ಮ ಗ್ರೇಡ್ ನಿಜವೋ ಸುಳ್ಳೋ ನೋಡುವುದಿಲ್ಲ. ಕಾಗದದ ಮೇಲಿರುವ ಸಹಿ ತನಗೆ ಗೊತ್ತಿರುವ ಅಧಿಕಾರಿಯದೋ ಎಂದಷ್ಟೇ ನೋಡುತ್ತದೆ. ಶಾಲೆಯ ರಿಜಿಸ್ಟ್ರಾರ್ ಸಹಿ ಅವರ ಕಡತದಲ್ಲಿ ಇರುವುದಿಲ್ಲ, ನೋಟರಿಯ ಸಹಿ ಇರುತ್ತದೆ. ಆದ್ದರಿಂದ ನಡುವೆ ನೋಟರಿ ಬೇಕು. ಇಲ್ಲೊಂದು ತೊಡಕಿದೆ: ಕ್ಯಾಲಿಫೋರ್ನಿಯಾದ ನೋಟರಿಗೆ ಟ್ರಾನ್ಸ್‌ಕ್ರಿಪ್ಟ್‌ನಂಥ ಕಾಗದದ ನಕಲನ್ನು ‘ಮೂಲದಂತೆಯೇ ಇದೆ’ ಎಂದು ದೃಢೀಕರಿಸುವ ಅಧಿಕಾರವಿಲ್ಲ. ನಮ್ಮೂರಿನಲ್ಲಿ ಜೆರಾಕ್ಸ್ ಮೇಲೆ ಠಸ್ಸೆ ಹೊಡೆಸಿದ ಹಾಗೆ ಅಲ್ಲಿ ಆಗುವುದಿಲ್ಲ.

ದಾರಿ ಎರಡು. ಒಂದು, ರಿಜಿಸ್ಟ್ರಾರ್ ಅಥವಾ ಶಾಲೆಯ ಅಧಿಕಾರಿ ‘ಇದು ನಮ್ಮ ಶಾಲೆಯ ಅಧಿಕೃತ ಟ್ರಾನ್ಸ್‌ಕ್ರಿಪ್ಟ್’ ಎಂಬ ಹೇಳಿಕೆಗೆ ನೋಟರಿಯ ಎದುರು ಸಹಿ ಹಾಕುವುದು. ಇನ್ನೊಂದು, ನೀವೇ ‘ಇದು ನನ್ನ ಮೂಲ ಕಾಗದದ ನಿಜ ಪ್ರತಿ’ ಎಂದು ನೋಟರಿಯ ಎದುರು ಪ್ರಮಾಣ ಮಾಡಿ ಸಹಿ ಹಾಕುವುದು. ಎರಡಕ್ಕೂ ಅಪಾಸ್ಟಿಲ್ ಸಿಗುತ್ತದೆ. ಆದರೆ ಎರಡನೆಯದನ್ನು ಓದಿದ ಭಾರತದ ಗುಮಾಸ್ತರು ‘ಇದು ನೀವೇ ಬರೆದುಕೊಂಡದ್ದಲ್ಲವೇ’ ಎಂದು ತಿರುಗಿಸಬಹುದು. ತಡವಾದರೂ ಮೊದಲನೆಯದೇ ಗಟ್ಟಿ. ರಿಜಿಸ್ಟ್ರಾರ್‌ಗೆ ಮೊದಲೇ ಮೇಲ್ ಮಾಡಿ, ಅವರಿಗೆ ಅನುಕೂಲವಾದ ಹೊತ್ತಿಗೆ ಮೊಬೈಲ್ ನೋಟರಿಯನ್ನು ಶಾಲೆಗೇ ಕರೆದುಕೊಂಡು ಹೋಗಬಹುದು. ಒಂದು ಸಹಿಗೆ ನೋಟರಿ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 15 ಡಾಲರ್. ಓಡಾಟದ ಖರ್ಚು ಬೇರೆ.

ಅಲ್ಲಿಂದ ಮುಂದೆ ನೋಟರಿ ಆದ ಮೂಲ ಕಾಗದ, ಯಾವ ದೇಶಕ್ಕೆ ಎಂದು ಬರೆದ ಮುಖಪತ್ರ, ಒಂದೊಂದು ಅಪಾಸ್ಟಿಲ್‌ಗೂ 20 ಡಾಲರ್‌ನ ಚೆಕ್, ಸ್ವವಿಳಾಸದ ಅಂಚೆಚೀಟಿ ಹಚ್ಚಿದ ಲಕೋಟೆ ಇಷ್ಟನ್ನೂ ಸ್ಯಾಕ್ರಮೆಂಟೋಗೆ ಅಂಚೆಯಲ್ಲಿ ಕಳಿಸಬೇಕು. ಖುದ್ದಾಗಿ ಹೋಗುವವರಿಗೆ ಸ್ಯಾಕ್ರಮೆಂಟೋ ಮತ್ತು ಲಾಸ್ ಏಂಜಲೀಸ್ ಕಚೇರಿಗಳಿವೆ. ಅಲ್ಲಿ ಸಹಿಯೊಂದಕ್ಕೆ 6 ಡಾಲರ್ ಹೆಚ್ಚುವರಿ.

ಬರುವ ಅಪಾಸ್ಟಿಲ್ ಒಂದು ಹಾಳೆ. ತಲೆಯ ಮೇಲೆ ಫ್ರೆಂಚ್‌ನಲ್ಲಿ 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದ ಉಲ್ಲೇಖ, ಅದರ ಕೆಳಗೆ 1ರಿಂದ 10ರವರೆಗೆ ಅಂಕಿ ಹಾಕಿದ ಸಾಲುಗಳು: ದೇಶ, ಸಹಿ ಮಾಡಿದವರು ಯಾರು, ಯಾವ ಹುದ್ದೆ, ಮೊಹರು, ಊರು, ದಿನಾಂಕ, ಕೊಟ್ಟವರು, ಸಂಖ್ಯೆ, ಮುದ್ರೆ, ಸಹಿ. ಎರಡನೇ ಸಾಲಿನಲ್ಲಿ ನೋಟರಿಯ ಹೆಸರಿರುತ್ತದೆ, ನಿಮ್ಮದಲ್ಲ. ‘ಹೆಸರು ತಪ್ಪಾಗಿದೆ’ ಎಂದು ವಾಪಸು ಕಳಿಸಬೇಡಿ. ಈ ಹಾಳೆಯನ್ನು ಟ್ರಾನ್ಸ್‌ಕ್ರಿಪ್ಟ್‌ಗೆ ಸೇರಿಸಿ ಪಿನ್ ಹೊಡೆದಿರುತ್ತಾರೆ. ಸ್ಕ್ಯಾನ್ ಮಾಡಲು ಸಲೀಸಾಗಲಿ ಎಂದು ಆ ಪಿನ್ ಕಿತ್ತರೆ ಹಾಳೆ ಬದಲಾಯಿಸಿರಬಹುದೆಂಬ ಅನುಮಾನ ಬಂದು ಕಾಗದವನ್ನು ತಿರಸ್ಕರಿಸುತ್ತಾರೆ. ಪುಟ ಮಡಚಿ ಸ್ಕ್ಯಾನ್ ಮಾಡಿ. ನೆರಳು ಬಿದ್ದರೂ ಪರವಾಗಿಲ್ಲ.

ಇನ್ನೊಂದು ಎಡವಟ್ಟು: ಓದಿದ್ದು ಕೂಪರ್ಟಿನೋದಲ್ಲಿ, ಈಗ ಇರುವುದು ಟೆಕ್ಸಾಸ್‌ನಲ್ಲಿ. ಅಲ್ಲಿನ ನೋಟರಿಯ ಎದುರು ಸಹಿ ಮಾಡಿ ಸ್ಯಾಕ್ರಮೆಂಟೋಗೆ ಕಳಿಸಿದರೆ ವಾಪಸು ಬರುತ್ತದೆ. ಯಾವ ರಾಜ್ಯದ ನೋಟರಿಯೋ ಆ ರಾಜ್ಯದ್ದೇ ಅಪಾಸ್ಟಿಲ್.

ಭಾರತದ ಅರ್ಜಿಗಳು ಶೇಕಡಾವಾರು, ರ‍್ಯಾಂಕ್ ಕೇಳುತ್ತವೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರೀ ಎ, ಬಿ, ಜಿಪಿಎ (ಗ್ರೇಡ್‌ಗಳ ಸರಾಸರಿ) ಇದೆ.

ರಿಜಿಸ್ಟ್ರಾರ್ ಶೇಕಡಾ ಲೆಕ್ಕ ಹಾಕಿ ಕೊಡುವುದಿಲ್ಲ. ನೀವೇ ಹಾಕಿ ಬರೆಯುವುದೂ ಬೇಡ. ಪ್ರತಿ ಶಾಲೆಯೂ ಕಾಲೇಜುಗಳಿಗೆಂದು ವರ್ಷಕ್ಕೊಂದು ‘ಸ್ಕೂಲ್ ಪ್ರೊಫೈಲ್’ ಪ್ರಕಟಿಸುತ್ತದೆ. ಗ್ರೇಡ್ ಪದ್ಧತಿ ಹೇಗೆ, ಯಾವ ಕೋರ್ಸ್‌ಗಳಿಗೆ ಹೆಚ್ಚಿನ ತೂಕ ಎಂದೆಲ್ಲ ಅದರಲ್ಲಿ ಇರುತ್ತದೆ. ನೀವು ಪದವಿ ಪಡೆದ ವರ್ಷದ ಪ್ರೊಫೈಲ್ ಅನ್ನು ಟ್ರಾನ್ಸ್‌ಕ್ರಿಪ್ಟ್ ಜೊತೆ ಲಗತ್ತಿಸಿ. ವೆಬ್‌ಸೈಟ್‌ನಲ್ಲಿ ಹೊಸ ವರ್ಷದ್ದು ಬಂದ ಮೇಲೆ ಹಳೆಯದು ಹುಡುಕುವುದು ಕಷ್ಟ, ಮೊದಲೇ ಇಳಿಸಿಕೊಂಡಿರಿ. ಭಾರತದ ವಿಶ್ವವಿದ್ಯಾಲಯಕ್ಕೆ ಸೇರುವವರಿಗೆ 12ನೇ ತರಗತಿಯ ಸಮಾನತಾ ಪ್ರಮಾಣಪತ್ರ ಕೊಡುತ್ತ ಬಂದಿರುವುದು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಎಐಯು. ಅಲ್ಲಿಗೆ 9ರಿಂದ 12ರವರೆಗಿನ ನಾಲ್ಕೂ ವರ್ಷದ ಗ್ರೇಡ್ ಇರುವ ಪೂರ್ಣ ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡು ಹೋಗಿ. ವೈದ್ಯಕೀಯದ ಆಸೆ ಇರುವವರು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ 11–12ರಲ್ಲಿ ಓದಿರುವಂತೆ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಒಂಬತ್ತನೇ ತರಗತಿಯಲ್ಲೇ ಬಯಾಲಜಿ ಮುಗಿಸಿ ಸುಮ್ಮನಾಗುವ ಮಕ್ಕಳು ಬಹಳ. ಆ ತಪ್ಪು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಹತ್ತನೇ ತರಗತಿ ಮುಗಿಸಿ ಬೆಂಗಳೂರಿಗೆ ಹೋಗುತ್ತಿದ್ದೇವೆ. ಟಿ.ಸಿ. ಕೊಡುತ್ತಾರೆಯೇ?

ಅಲ್ಲಿ ಟಿ.ಸಿ. ಎಂಬ ಕಾಗದವೇ ಇಲ್ಲ. ಕೌನ್ಸೆಲರ್‌ಗೆ ನಮ್ಮ ಟಿ.ಸಿ.ಯ ಒಂದು ಮಾದರಿ ತೋರಿಸಿ ವಿವರಿಸಿದರೆ ಕೆಲಸ ಬೇಗ ಆಗುತ್ತದೆ. ಶಾಲೆಯ ಲೆಟರ್‌ಹೆಡ್ ಮೇಲೆ ಇಷ್ಟು ಬರೆಸಿ: ಪಾಸ್‌ಪೋರ್ಟ್‌ನಲ್ಲಿರುವಂತೆ ಪೂರ್ಣ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ದಿನ, ಸೇರಿದ ಮತ್ತು ಬಿಟ್ಟ ದಿನಾಂಕ, ಮುಗಿಸಿದ ತರಗತಿ, ಮುಂದಿನ ತರಗತಿಗೆ ತೇರ್ಗಡೆ, ಬಾಕಿ ಏನೂ ಇಲ್ಲ. ‘ಹತ್ತನೇ ತರಗತಿ ಉತ್ತೀರ್ಣ’ ಎಂಬ ಮಾತು ಇರಲೇಬೇಕು, ಏಕೆಂದರೆ ಅಲ್ಲಿ ಹತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎಲ್ಲಿ ಎಂದು ಪಿಯು ಕಾಲೇಜಿನವರು ಕೇಳಿಯೇ ಕೇಳುತ್ತಾರೆ. ಲೈಬ್ರರಿ ಪುಸ್ತಕ, ಕ್ರೋಮ್‌ಬುಕ್ ವಾಪಸು ಮಾಡಿ ರಸೀತಿ ಇಟ್ಟುಕೊಳ್ಳಿ. ನಡತೆ ಪ್ರಮಾಣಪತ್ರ ಕೊಡುವ ಪದ್ಧತಿ ಇಲ್ಲದಿದ್ದರೂ, ಕೌನ್ಸೆಲರ್ ಬರೆದ ಒಂದು ಪತ್ರ ಆ ಜಾಗ ತುಂಬುತ್ತದೆ.

ಇಲ್ಲಿ ಮೂರು ವರ್ಷ ಓದಿ, ಹೈಸ್ಕೂಲ್ ಮುಗಿಸಿ ಬೇರೆ ರಾಜ್ಯಕ್ಕೆ ಹೋದೆವು. ಕ್ಯಾಲಿಫೋರ್ನಿಯಾದ ಕಾಲೇಜಿಗೆ ಸೇರಿದರೆ ಹೊರರಾಜ್ಯದ ಫೀಸು ಕಟ್ಟಬೇಕೇ?

2001ರ ಎಬಿ 540 ಕಾನೂನು ಇಂಥವರಿಗೂ ಅನ್ವಯಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಓದಿ ಇಲ್ಲೇ ಹೈಸ್ಕೂಲ್ ಮುಗಿಸಿದ್ದರೆ ಹೊರರಾಜ್ಯದ ಹೆಚ್ಚುವರಿ ಫೀಸಿನಿಂದ ವಿನಾಯಿತಿ. ಇದು ದಾಖಲೆ ಇಲ್ಲದ ವಲಸಿಗರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಬಹಳ ಇದೆ. ಪೌರತ್ವ, ಗ್ರೀನ್ ಕಾರ್ಡ್ ಇರುವವರೂ ಕೇಳಬಹುದು. ಪುರಾವೆ ಎಂದರೆ ಸೇರಿದ-ಬಿಟ್ಟ ದಿನಾಂಕ ಇರುವ ಟ್ರಾನ್ಸ್‌ಕ್ರಿಪ್ಟ್. ಗಮನಿಸಿ: ಎಫ್‌-1 (ವಿದ್ಯಾರ್ಥಿ), ಎಚ್‌-4 (ಎಚ್‌-1ಬಿ ಕೆಲಸಗಾರರ ಮನೆಯವರು) ಇಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಈ ದಾರಿ ಇಲ್ಲ. ಎಚ್‌-4 ಮಕ್ಕಳು ಸಾಮಾನ್ಯ ನಿವಾಸದ ನಿಯಮದಡಿ ರಾಜ್ಯದ ಫೀಸು ಕೇಳಬಹುದು. 21 ತುಂಬಿ ಎಫ್‌-1ಗೆ ಬದಲಾದರೆ ಆ ಬಾಗಿಲೂ ಕಿರಿದಾಗುತ್ತದೆ. ಈ ಲೆಕ್ಕ 17ನೇ ವಯಸ್ಸಿನಲ್ಲೇ ಹಾಕಬೇಕು.

ನಾಲ್ಕು ವರ್ಷ ಓದಿದೆ, ಡಿಪ್ಲೊಮಾ ಮಾತ್ರ ಸಿಗಲಿಲ್ಲ. ಈಗ ಏನಾದರೂ ದಾರಿ ಇದೆಯೇ?

ಕಾರಣ ಯಾವುದೆಂದು ಮೊದಲು ನೋಡಿ. ಡಿಪ್ಲೊಮಾಗೆ ಪಾಸಾಗಲೇಬೇಕಿದ್ದ ರಾಜ್ಯದ ಎಕ್ಸಿಟ್ ಎಕ್ಸಾಮ್ ಒಂದೇ ಅಡ್ಡಿಯಾಗಿದ್ದರೆ, ಉಳಿದೆಲ್ಲ ಪೂರೈಸಿದ್ದರೆ, ಆ ಅಡ್ಡಿ ಈಗಿಲ್ಲ. 2015ರಲ್ಲಿ ಬಂದ ಎಸ್‌ಬಿ 172 ಕಾನೂನು ಆ ಪರೀಕ್ಷೆಯನ್ನು ತಡೆಹಿಡಿದು, 2003–04 ಮತ್ತು ನಂತರ 12ನೇ ತರಗತಿ ಮುಗಿಸಿದವರಿಗೆ ಹಿಂದಿನಿಂದ ಅನ್ವಯವಾಗುವಂತೆ ಡಿಪ್ಲೊಮಾ ಕೊಡಬೇಕೆಂದಿತು. ಕೇಳದವರಿಗೆ ಮನೆಗೆ ತಂದುಕೊಡುವುದಿಲ್ಲ, ಡಿಸ್ಟ್ರಿಕ್ಟ್‌ಗೆ ಬರೆಯಬೇಕು.

ಕ್ರೆಡಿಟ್ ಕೊರತೆಯಾಗಿದ್ದರೆ ಲೆಕ್ಕ ಹೀಗೆ: ಒಂದು ಸೆಮಿಸ್ಟರ್‌ನ ಒಂದು ಕೋರ್ಸ್‌ಗೆ 5 ಕ್ರೆಡಿಟ್, ಈ ಡಿಸ್ಟ್ರಿಕ್ಟ್‌ನಲ್ಲಿ ಪದವಿಗೆ 220. ಹತ್ತು ಕ್ರೆಡಿಟ್ ಕೊರತೆ ಎಂದರೆ ಎರಡು ಸೆಮಿಸ್ಟರ್ ಕೋರ್ಸ್. ಡಿಸ್ಟ್ರಿಕ್ಟ್‌ನದೇ ಅಡಲ್ಟ್ ಸ್ಕೂಲ್ ಇದೆ, ಬಾಕಿ ತುಂಬಿಕೊಳ್ಳುವ ದಾರಿಯನ್ನು ಅಲ್ಲಿ ಕೇಳಿ. ಕಾಲೇಜು ಸೇರುವುದಷ್ಟೇ ಗುರಿಯಾಗಿದ್ದರೆ ಇಷ್ಟೂ ಬೇಡ. 18 ತುಂಬಿದವರನ್ನು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಡಿಪ್ಲೊಮಾ ಇಲ್ಲದೆಯೂ ಸೇರಿಸಿಕೊಳ್ಳುತ್ತವೆ.

ತೊಂಬತ್ತು ದಾಟಿದ ಅಜ್ಜನಿಗೆ ಈಗ ಡಿಪ್ಲೊಮಾ ಕೊಡಿಸಬಹುದು ಎಂದು ಕೇಳಿದೆವು. ನಿಜವೇ?

ನಿಜ. 1942ರಲ್ಲಿ ಸಾಂಟಾ ಕ್ಲಾರಾ ಕಣಿವೆಯ ಜಪಾನಿ ಮೂಲದ ರೈತ ಕುಟುಂಬಗಳನ್ನು ಅಧ್ಯಕ್ಷರ 9066ನೇ ಆದೇಶದಡಿ ಮನೆ ಬಿಡಿಸಿ ವಯೋಮಿಂಗ್‌ನ ಹಾರ್ಟ್ ಮೌಂಟನ್‌ನಂಥ ಶಿಬಿರಗಳಿಗೆ ಕಳಿಸಿದಾಗ, ಹೈಸ್ಕೂಲ್ ಹುಡುಗ ಹುಡುಗಿಯರ ಓದು ಅರ್ಧಕ್ಕೆ ನಿಂತಿತು. ಶಿಕ್ಷಣ ಸಂಹಿತೆಯ 51430ನೇ ಕಲಮು ಇಂಥವರಿಗೆ, ಹಾಗೆಯೇ ಎರಡನೇ ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಯುದ್ಧಗಳಿಗೆ ಹೋದ ಸೈನಿಕರಿಗೆ ಡಿಪ್ಲೊಮಾ ಕೊಡಲು ಡಿಸ್ಟ್ರಿಕ್ಟ್‌ಗಳಿಗೆ ಅವಕಾಶ ಕೊಡುತ್ತದೆ. ತೀರಿಕೊಂಡವರ ಪರವಾಗಿ ಮನೆಯವರೂ ಕೇಳಬಹುದು. ಶಾಲೆಯಲ್ಲಿದ್ದುದಕ್ಕೆ ಶಾಶ್ವತ ದಾಖಲೆಯೂ, ಶಿಬಿರ ಅಥವಾ ಸೇನಾ ಸೇವೆಗೆ ಪುರಾವೆಯೂ ಬೇಕು.

ಮಗನಿಗೆ ಐಇಪಿ (ವಿಶೇಷ ಶಿಕ್ಷಣದ ವೈಯಕ್ತಿಕ ಯೋಜನೆ) ಇತ್ತು. ಕಾಲೇಜಿನಲ್ಲಿ ಹೆಚ್ಚುವರಿ ಸಮಯ ಕೇಳಲು ಆ ಕಾಗದ ಬೇಕು.

ತಡ ಮಾಡಬೇಡಿ. ಇದು ಮಧ್ಯಂತರ ದಾಖಲೆ, ಮೂರು ವರ್ಷದ ಗಡುವು ಇರುವಂಥದ್ದು. ಕೊನೆಯ ಐಇಪಿ ಮಾತ್ರವಲ್ಲ, ಶಾಲೆಯ ಮನಶ್ಶಾಸ್ತ್ರಜ್ಞರು ಬರೆದ ಮೌಲ್ಯಮಾಪನ ವರದಿಯನ್ನೂ ಕೇಳಿ. ಕಾಲೇಜಿನವರಿಗೆ ಬೇಕಾದದ್ದು ಪರೀಕ್ಷೆಯ ಅಂಕಗಳಿರುವ ಆ ವರದಿಯೇ. ಅದನ್ನು ಹೊರಗೆ ಖಾಸಗಿಯಾಗಿ ಮಾಡಿಸಲು ಸಾವಿರಾರು ಡಾಲರ್ ಬೇಕು. ಬರಹದಲ್ಲಿ ಕೇಳಿ, ದಿನಾಂಕ ಹಾಕಿ. ಕೇಳಿದ ಐದು ಕೆಲಸದ ದಿನಗಳೊಳಗೆ ದಾಖಲೆ ನೋಡಲು ಕೊಡಬೇಕೆಂದು ರಾಜ್ಯದ ಕಾನೂನಿದೆ. ಫೆಡರಲ್ ಕಾನೂನಿನ 45 ದಿನವನ್ನು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಲಸಿಕೆ ದಾಖಲೆ?

ರಾಜ್ಯದ ಡಿಜಿಟಲ್ ಲಸಿಕೆ ದಾಖಲೆ ತಾಣದಲ್ಲಿ ಮೊದಲು ನೋಡಿ. ಚಿಕ್ಕಂದಿನಲ್ಲಿ ಭಾರತದಲ್ಲಿ ಹಾಕಿಸಿದ್ದು ಅಲ್ಲಿ ಇರದೆ, ಶಾಲೆಯ ಕಡತದಲ್ಲಿ ಮಾತ್ರ ಇರುವ ಸಾಧ್ಯತೆ ಹೆಚ್ಚು.

ಶಾಲೆಯ ಗೂಗಲ್ ಖಾತೆಯಲ್ಲಿ ನಾಲ್ಕು ವರ್ಷದ ಬರಹ, ಪ್ರಾಜೆಕ್ಟ್ ಇವೆ.

ಖಾತೆ ಶಾಲೆಯದು, ಪದವಿಯ ನಂತರ ಮುಚ್ಚುತ್ತದೆ. ಗೂಗಲ್‌ನ ‘ಟ್ರಾನ್ಸ್‌ಫರ್’ ಸೌಲಭ್ಯದಿಂದ ಡ್ರೈವ್ ಮತ್ತು ಮೇಲ್ ಅನ್ನು ಸ್ವಂತ ಖಾತೆಗೆ ಸಾಗಿಸಬಹುದು. ಸಾಗಲು ದಿನಗಳೇ ಹಿಡಿಯಬಹುದು, ಕೊನೆಯ ದಿನ ಶುರುಮಾಡಬೇಡಿ. ‘ನನ್ನ ಜೊತೆ ಹಂಚಿಕೊಂಡದ್ದು’ ಎಂಬಲ್ಲಿರುವ ಗೆಳೆಯರ, ಶಿಕ್ಷಕರ ಫೈಲ್‌ಗಳು ಇದರಲ್ಲಿ ಬರುವುದಿಲ್ಲ. ಬೇಕಾದವನ್ನು ಮೊದಲು ನಕಲು ಮಾಡಿ ನಿಮ್ಮದಾಗಿಸಿಕೊಳ್ಳಿ. ಶಾಲೆಯ ಮೇಲ್ ಕೊಟ್ಟು ತೆರೆದ ಬೇರೆ ಖಾತೆಗಳಿಗೂ ವಿಳಾಸ ಬದಲಾಯಿಸಬೇಕು.

ನಾನು ಮಾಂಟಾ ವಿಸ್ಟಾದಲ್ಲಿ ಓದಿದವನು. ನನ್ನ ಮಗಳಿಗೂ ಅಲ್ಲೇ ಸೀಟು ಸಿಗುತ್ತದೆಯೇ?

ಹಳೆಯ ವಿದ್ಯಾರ್ಥಿ ಎಂಬ ಕಾರಣಕ್ಕೆ ಯಾವ ಸಲುಗೆಯೂ ಇಲ್ಲ. ಈಗಿನ ಮನೆ ಯಾವ ಶಾಲೆಯ ಗಡಿಯೊಳಗಿದೆ ಎನ್ನುವುದೊಂದೇ ಲೆಕ್ಕ. ಈ ಡಿಸ್ಟ್ರಿಕ್ಟ್‌ಗೆ ಹಣ ಬರುವುದು ಮುಖ್ಯವಾಗಿ ಸ್ಥಳೀಯ ಆಸ್ತಿ ತೆರಿಗೆಯಿಂದ, ಮಕ್ಕಳ ತಲೆಯೆಣಿಕೆಯ ಮೇಲೆ ರಾಜ್ಯ ಕೊಡುವ ಅನುದಾನದಿಂದ ಅಲ್ಲ. ಹೊರಗಿನ ಮಗುವೊಂದು ಬಂದರೆ ಖರ್ಚು ಹೆಚ್ಚುತ್ತದೆ, ಆದಾಯ ಹೆಚ್ಚುವುದಿಲ್ಲ. ವಿಳಾಸದ ಪುರಾವೆಯನ್ನು ಅಷ್ಟು ಬಿಗಿಯಾಗಿ ನೋಡುವುದು ಅದಕ್ಕೇ. ನೆಂಟರ ಮನೆಯ ವಿಳಾಸ ಕೊಟ್ಟು ಸೇರಿಸುವ ಸಾಹಸ ಬೇಡ, ಸಿಕ್ಕಿಬಿದ್ದರೆ ವರ್ಷದ ನಡುವೆ ಮಗುವನ್ನು ಎಬ್ಬಿಸಬೇಕಾಗುತ್ತದೆ. ಶಾಲೆಯ ಗಡಿ ನೋಡಿ ಮನೆ ಹುಡುಕುವುದು ಇಂದಿನ ಟೆಕ್ಕಿಗಳು ಶುರುಮಾಡಿದ್ದೇನಲ್ಲ. 1960ರ ದಶಕದಲ್ಲೇ ಸ್ಟೀವ್ ಜಾಬ್ಸ್ ಮನೆಯವರು ಮೌಂಟನ್ ವ್ಯೂ ಬಿಟ್ಟು ಕೂಪರ್ಟಿನೋ ಶಾಲೆಗಳ ಗಡಿಯೊಳಗೆ ಮನೆ ಮಾಡಿದ್ದರು. ಜಾಬ್ಸ್ 1972ರಲ್ಲಿ ಹೋಮ್‌ಸ್ಟೆಡ್‌ನಿಂದ ಹೊರಬಿದ್ದರು, ಆಪಲ್ ಕಟ್ಟುವಾಗ ಅವರ ಜೊತೆಗಿದ್ದ ವೋಜ್ನಿಯಾಕ್ ಅದಕ್ಕೂ ನಾಲ್ಕು ವರ್ಷ ಮೊದಲು ಅದೇ ಶಾಲೆಯಿಂದ.

ಹಳೆಯ ಇಯರ್‌ಬುಕ್, ಸಹಪಾಠಿಗಳ ವಿಳಾಸ ಎಲ್ಲಿ ಸಿಗುತ್ತವೆ?

ವಿಳಾಸ ಶಾಲೆಯಿಂದ ಸಿಗುವುದಿಲ್ಲ. ಇದ್ದರೂ ಹದಿನೆಂಟನೇ ವಯಸ್ಸಿನ ಅಪ್ಪನ ಮನೆಯ ವಿಳಾಸ ಇಂದು ಯಾರಿಗೂ ಉಪಯೋಗವಿಲ್ಲ. ಪುನರ್ಮಿಲನಗಳನ್ನು ನಡೆಸುವುದು ಆಯಾ ವರ್ಷದ ಸಹಪಾಠಿಗಳೇ, ಡಿಸ್ಟ್ರಿಕ್ಟ್ ಅಲ್ಲ. ಇಯರ್‌ಬುಕ್‌ಗೆ ಮಾತ್ರ ಶಾಲೆಯ ಇಯರ್‌ಬುಕ್ ತರಗತಿಯ ಶಿಕ್ಷಕರಿಗೆ ಮೇಲ್ ಮಾಡಿ ನೋಡಿ, ಮಾರಾಟವಾಗದೆ ಉಳಿದ ಪ್ರತಿಗಳು ಅವರ ಕೋಣೆಯಲ್ಲಿ ಪೆಟ್ಟಿಗೆಗಟ್ಟಲೆ ಇರುವುದುಂಟು. ಕೇಳುವಾಗ ಪುಸ್ತಕದ ಹೆಸರು ಹೇಳಿದರೆ ಹುಡುಕುವುದು ಸುಲಭ: ಹೋಮ್‌ಸ್ಟೆಡ್‌ನದು ‘ಪೆಗಸಸ್’, ಮಾಂಟಾ ವಿಸ್ಟಾದ್ದು ‘ಎಲ್ ವಾಲೆಡೋರ್’, ಲಿನ್‌ಬ್ರೂಕ್‌ನದು ‘ವಲ್ಹಾಲಾ’. ಮುಚ್ಚಿಹೋದ ಸನ್ನಿವೇಲ್ ಹೈ ಶಾಲೆಯದಕ್ಕೆ ಊರಿನ ಸಾರ್ವಜನಿಕ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗದಲ್ಲಿ ವಿಚಾರಿಸಿ.